ಬಾಯಿಲೆ ಹೇಳ್ರಿ

"ಇನ್ನೊಂದೀಟು ಮ್ಯಾಲ ಎತ್ರಿ. ಹಾಂ, ಈಗ ಗ್ವಾಡಿಗಿ ಆನಸ್ರಿ," ಎನ್ನುತ್ತ ಶೆಟ್ಟೆವ್ವ ಬಿಳಿಯ ಬಟ್ಟೆಯ ಪಟ್ಟಿಯನ್ನು ಗೋಡೆಯ ಗೂಟಕ್ಕೆ ಸುತ್ತಿದಳು. ಇಬ್ಬರು ಹೆಂಗಸರು ಎರಡೂ ತೋಳು ಹಿಡಿದು ಇಂದ್ರವ್ವನ ದೇಹವನ್ನು ಕಾಲು ಮಡಿಸಿ ಕೂರಿಸಿದರು. ಪಟ್ಟಿ ಬಿಗಿಯುವ ಮೊದಲೇ ಬೆನ್ನು ಗೋಡೆಗೆ ನೆಟ್ಟಗೆ ನಿಂತಿತು.

"ನೋಡವಾ, ಪಟ್ಟಿನೂ ಬೇಕಾಗಿಲ್ಲ ಈಕಿಗೆ," ಎಂದಳು ಶೆಟ್ಟೆವ್ವ, ಸೆರಗಿನಿಂದ ಮೂಗು ಒರೆಸಿಕೊಂಡು. ನೆರೆಮನೆಯವಳು, ಇಂದ್ರವ್ವನ ಜೊತೆ ನಡುಗೋಡೆಯ ಮೇಲಿಂದ ಅವಳಷ್ಟು ಜಗಳವಾಡಿದವರು ಯಾರೂ ಇರಲಿಲ್ಲ. "ಇದ್ದಾಗ ಯಾರಿಗೂ ಬಾಗಲಿಲ್ಲ. ಈಗರೆ ಬಾಗತಾಳ?"

ಅಳುತ್ತಿದ್ದವರಲ್ಲಿ ಒಬ್ಬಳು ಅಳುವಿನ ನಡುವೆಯೇ ನಕ್ಕಳು. ಸೊಸೆ ಉಮಾಶ್ರೀ ನಗಲಿಲ್ಲ. ಅವಳು ಅತ್ತೆಯ ಎಡಗೈಯನ್ನು ನೋಡುತ್ತಿದ್ದಳು. ಬೆಳಿಗ್ಗೆ ಲಿಂಗಪೂಜೆಗೆ ಕುಳಿತ ಇಂದ್ರವ್ವ ಕುಳಿತಲ್ಲೇ ಹೋಗಿದ್ದಳು. ಮಠದ ಅಯ್ಯನವರು ಬಂದು, ಅಂಗೈಯಲ್ಲಿದ್ದ ಲಿಂಗವನ್ನು ಎತ್ತಿ ಕೊರಳಿಗೆ ಕಟ್ಟಿದ ಮೇಲೂ ಆ ಅಂಗೈ ಮುಚ್ಚಿರಲಿಲ್ಲ.

ಬೀದಿಗೆ ಹಾಕಿದ ಪೆಂಡಾಲಿನಲ್ಲಿ ಭಜನೆಯವರು ತಾಳ ಹಿಡಿದು ಕುಳಿತಿದ್ದರು. ಏಕತಾರಿಯ ಒಂದೇ ನಾದ ಹರಿಯುತ್ತಿತ್ತು. ಒಂದು ಪದ ಮುಗಿದು ಇನ್ನೊಂದು ಪದ ಏಳುವ ನಡುವೆ ಬೀದಿಯೆಲ್ಲ ಮೌನವಾಗುತ್ತಿತ್ತು. ಆ ಮೌನದಲ್ಲಿ ಯಾರೋ ಕೆಮ್ಮಿದರೂ ಮನೆಯೊಳಗಿನ ದೇವರ ಕೋಣೆಗೆ ಕೇಳಿಸುತ್ತಿತ್ತು.

ರಾಮದುರ್ಗದ ಪೇಟೆ ಅಂದು ಬಾಗಿಲು ತೆರೆದಿರಲಿಲ್ಲ. ರೈತರ ಮಾಲು ಇಳಿಸಿಕೊಂಡು, ಖರೀದಿದಾರರಿಗೆ ಮಾರಿಸಿಕೊಟ್ಟು, ಕಮಿಷನ್ ಪಡೆಯುವ ಅಡತಿ ಅಂಗಡಿಯವರೆಲ್ಲ ಬಂದು ಜಮಖಾನೆಯ ಮೇಲೆ ಕುಳಿತಿದ್ದರು. ಇಂದ್ರವ್ವನೂ ಅವರಲ್ಲೊಬ್ಬಳು, ಇಡೀ ಪೇಟೆಗೆ ಒಬ್ಬಳೇ ಹೆಂಗಸು. ತೊರಗಲ್ಲಿನ ಸತ್ಯಪ್ಪ ತನ್ನೂರಿನ ರೈತರನ್ನು ಟೆಂಪೊ ತುಂಬ ಕರೆತಂದಿದ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಇಣುಕಿ, "ಅಕ್ಕಾರ, ಇಷ್ಟ ವರ್ಷ ಈ ಗಾಡ್ಯಾಗ ಶೇಂಗಾ ತುಂಬಕೊಂಡು ಬಂದ್ನಿ. ಇವತ್ತ ಮಂದಿನ್ನ ತುಂಬಕೊಂಡು ಬಂದೇನಿ. ಇಳಸ್ಕೋರಿ," ಎಂದವನೇ ಮುಖಕ್ಕೆ ರುಮಾಲು ಒತ್ತಿಕೊಂಡ.

ಉಮಾಶ್ರೀ ನೀರಿನ ತಂಬಿಗೆ ಹಿಡಿದು ಹೊರಗೆ ಬಂದಾಗ ಗಂಡ ಸುಭಾಸನ ಪಕ್ಕದಲ್ಲಿ ಯಮನಪ್ಪ ಕುಳಿತಿದ್ದ. ಪೇಟೆಯ ಹಿರಿಯ ಖರೀದಿದಾರ, ಮಾವನ ಕಾಲದ ಗೆಳೆಯ. ದನಿ ತಗ್ಗಿಸಿ ಮಾತಾಡುತ್ತಿದ್ದ.

"ಕಂಪ್ಯೂಟರ್ ಟೆಂಡರ್ ಬರತೈತಂತ ತಮ್ಮಾ. ಎಲ್ಲಾ ರೇಟೂ ಪರದೆ ಮ್ಯಾಲ. ರೈತ ಹೊಲದಾಗ ನಿಂತು ಮೊಬೈಲಿನ್ಯಾಗ ನೋಡ್ತಾನ. ಎಲ್ಲಾರಿಗೂ ಎಲ್ಲಾ ಕಂಡಮ್ಯಾಲ ನಡುವ ನಮ್ಮಂಥಾವ್ರು ಯಾರಿಗೆ ಬೇಕು? ಬೆಲೆ ಇದ್ದಾಗ ಕೈ ತೊಳಕೊಳ್ಳುದು ಶಾಣ್ಯಾತನ."

"ನನಗೂ ಆ ಪ್ಯಾಟಿ ಬರಂಗಿಲ್ಲ ಕಾಕಾ," ಎಂದ ಸುಭಾಸ. ಅವನಿಗೆ ಮುನವಳ್ಳಿ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇತ್ತು. ಯಂತ್ರದ ಸದ್ದು ತಿಳಿಯುತ್ತಿತ್ತು, ಮಂದಿಯ ಸದ್ದು ತಿಳಿಯುತ್ತಿರಲಿಲ್ಲ. "ಅವ್ವನ ಜೋಡಿ ಉಮಾನ ನೋಡ್ಕೋತಿದ್ಲು."

"ಅತ್ತಿ ಹಿಂದ ಕುಂತು ಫೋನ್ ಎತ್ತೂದು ಬ್ಯಾರೆ, ಅತ್ತಿ ಜಾಗಾದಾಗ ಕುಂಡ್ರೂದು ಬ್ಯಾರೆ."

ಉಮಾಶ್ರೀ ತಂಬಿಗೆ ಇಟ್ಟು ಒಳಗೆ ಹೋದಳು.  ತನ್ನ ಸಂಕಟ ಅತ್ತೆಗಾಗಿ ಎಷ್ಟು, ಆ ಅಂಗಡಿಗಾಗಿ ಎಷ್ಟು ಎಂದು ಅವಳಿಗೇ ತಿಳಿಯಲಿಲ್ಲ. ಅಂಗಡಿ ಹೋದರೆ ನಾಳೆಯಿಂದ ತನಗೆ ಒಲೆಯ ಮುಂದಿನ ಮಣೆಯೊಂದೇ ಜಾಗ ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು.

*

ತೊಂಬತ್ತರ ದಶಕದ ಆರಂಭ. ಇಂದ್ರವ್ವನ ಗಂಡ ಉಳವಪ್ಪ ತೀರಿಕೊಂಡು ತಿಂಗಳಾಗಿತ್ತು. ಅಂಗಡಿಯ ಮುಂದೆ ಸತ್ಯಪ್ಪನ ಶೇಂಗಾ ಚೀಲಗಳು ಸಾಲಾಗಿ ಬಾಯಿ ಬಿಚ್ಚಿಕೊಂಡಿದ್ದವು. ಖರೀದಿದಾರರು ಬಂದರು, ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡರು, ನಿಂತರು. ಮುಂದೇನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ.

ಆಗ ಆ ಪೇಟೆಯಲ್ಲಿ ದರ ಬಾಯಲ್ಲಿ ಹೇಳುವ ರೂಢಿಯೇ ಇರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಳಿಸಿ, ಅದರ ಕೆಳಗೆ ಅಡತಿಯವನ ಕೈಯನ್ನು ಖರೀದಿದಾರ ಹಿಡಿಯಬೇಕು. ಇಷ್ಟು ಬೆರಳು ಒತ್ತಿದರೆ ಇಷ್ಟು ದರ. ಒಬ್ಬ ಕೊಟ್ಟ ದರ ಇನ್ನೊಬ್ಬನಿಗೆ ತಿಳಿಯದು. ಮಾಲು ಬೆಳೆದವನು ಎದುರಿಗೇ ನಿಂತು ಆ ಬಟ್ಟೆ ಅಲುಗುವುದನ್ನು ನೋಡಬಹುದಿತ್ತು, ಅಷ್ಟೆ.

ಯಮನಪ್ಪ ಹೆಗಲ ವಲ್ಲಿಯನ್ನು ಕೈಗೆ ತೆಗೆದುಕೊಂಡು, ಇಂದ್ರವ್ವನ ಮುಖ ನೋಡಿ, ಮತ್ತೆ ಹೆಗಲಿಗೇ ಹಾಕಿಕೊಂಡ. "ವೈನಿ, ನಿಮ್ಮ ಹಮಾಲನ್ನ ಕರೀರಿ. ಅವನ ಕೈ ಹಿಡೀತೇನಿ. ನೀವು ಒಳಗ ಕುಂಡ್ರಿ."

"ನಮ್ಮ ಹಮಾಲಗ ಚೀಲ ಎತ್ತೂದು ಗೊತ್ತು, ಬೆರಳು ಗೊತ್ತಿಲ್ಲ."

"ಮತ್ತ ಹೆಂಗ? ನಿಮ್ಮ ಕೈ ಹಿಡಿಯಾಕಾಗತೈತೇನು?"

ಹಿಂದೆ ನಿಂತವರು ನಕ್ಕರು. ಇಂದ್ರವ್ವನ ಕಿವಿ ಕೆಂಪಾಯಿತು. ಸೆರಗು ಎಳೆದುಕೊಂಡಳು. ಚಿಕ್ಕಂದಿನಿಂದ ಶರಣರ ವಚನಗಳನ್ನು ಗಟ್ಟಿಯಾಗಿ ಒಪ್ಪಿಸಿ ಬೆಳೆದ ಗಂಟಲು ಅದು. ತಗ್ಗಿಸುವುದು ಅದಕ್ಕೆ ಬರುತ್ತಿರಲಿಲ್ಲ.

"ದೇವ್ರು ಬಾಯಿ ಕೊಟ್ಟಾನಲ್ಲ ಯಮನಪ್ಪನ್ನಾರ. ಬಾಯಿಲೆ ಹೇಳ್ರಿ."

ಯಾರೂ ಹೇಳಲಿಲ್ಲ. ಆ ವಾರ ಹೇಳಲಿಲ್ಲ, ಮುಂದಿನ ವಾರವೂ ಹೇಳಲಿಲ್ಲ. ಉಳಿದ ಅಂಗಡಿಗಳ ಮುಂದೆ ವಲ್ಲಿಗಳು ಅಲುಗುತ್ತಿದ್ದವು. ಇಂದ್ರವ್ವನ ಅಂಗಡಿಯ ಮುಂದೆ ಗುಬ್ಬಿಗಳು ಶೇಂಗಾ ತಿನ್ನುತ್ತಿದ್ದವು. ಕೊನೆಗೆ ವಲ್ಲಿಯ ಲೆಕ್ಕ ಗೊತ್ತಿಲ್ಲದ ಹೊರಗಿನ ಎಣ್ಣೆ ಮಿಲ್ಲಿನವನೊಬ್ಬ ಬಂದ. ಪೇಟೆಯಲ್ಲಿ ಅವನ ಜೊತೆ ಮಾತಾಡುವ ಅಂಗಡಿ ಅದೊಂದೇ. ಅವನು ದರ ಕೂಗಿ ಹೇಳಿದ. ಅದನ್ನು ಕೇಳಿ ಯಮನಪ್ಪನ ಕಾಲು ತಾನಾಗಿಯೇ ನಿಂತಿತು. ಆ ಶೇಂಗಾ ಅವನಿಗೂ ಬೇಕಿತ್ತು. ಅವನೂ ಕೂಗಿದ. ಮಿಲ್ಲಿನವನು ಏರಿಸಿದ. ನೋಡನೋಡುತ್ತ ಸುತ್ತ ಜನ ಸೇರಿದರು.

ಸತ್ಯಪ್ಪ ಚೀಲದ ಮೇಲೆ ಕುಳಿತುಬಿಟ್ಟಿದ್ದ. "ಅಕ್ಕಾರ, ನಮ್ಮಪ್ಪನ ಕಾಲದಿಂದ ಶೇಂಗಾ ಬೆಳಿಯಾಕ ಹತ್ತೇವಿ. ನಮ್ಮ ಶೇಂಗಾದ ರೇಟು ನಮ್ಮ ಕಿವಿಲೆ ಕೇಳಿದ್ದು ಇವತ್ತ ನೋಡ್ರಿ."

ಮುಂದಿನ ಸಂತೆಗೆ ತೊರಗಲ್ಲಿನ ಗಾಡಿಗಳೆಲ್ಲ ಆ ಅಂಗಡಿಯ ಮುಂದೆ ನಿಂತವು. ಮಾಲು ಎಲ್ಲಿದೆಯೋ ಅಲ್ಲಿಗೆ ಖರೀದಿದಾರರು ಬರಲೇಬೇಕಾಯಿತು. ಒಂದೆರಡು ವರ್ಷಗಳಲ್ಲಿ ಪೇಟೆಯ ವಲ್ಲಿಗಳು ಬೆವರು ಒರೆಸುವ ಕೆಲಸಕ್ಕೆ ಮರಳಿದವು.

*

ಈ ಕತೆಯನ್ನು ಇಂದ್ರವ್ವ ಸೊಸೆಗೆ ಹೇಳಿದ್ದು ಮಧ್ಯಾಹ್ನದ ಹೊತ್ತು, ಹತ್ತಿ ತುಂಬಿದ ಅಂಡಿಗೆಗೆ ಒರಗಿ, ಏಲಕ್ಕಿ ಅಗಿಯುತ್ತ. ಉಮಾಶ್ರೀ ಆಗ ಮದುವೆಯಾಗಿ ಬಂದ ಹೊಸತು. ಬೈಲಹೊಂಗಲದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದವಳು ಮನೆಯಲ್ಲಿ ಕೂರಲಾರದೆ ಅಂಗಡಿಗೆ ಬಂದಿದ್ದಳು.

"ನೀವು ರೈತರ ಸಲುವಾಗಿ ಎಷ್ಟ ಧೈರ್ಯ ಮಾಡಿದ್ರಿ ಅತ್ತಿ!"

"ಯಾ ಧೈರ್ಯ?" ಇಂದ್ರವ್ವ ಕಣ್ಣು ತೆರೆಯದೆ ಹೇಳಿದಳು. "ರೈತ್ರ ನೆಪ್ಪ ಆಗ ಯಾರಿಗಿತ್ತು? ಪರಗಂಡಸಿನ ಕೈ ಹಿಡಿಯಾಕ ನಾಚಿಕಿ ಆತು, ಅಷ್ಟ. ಆಮ್ಯಾಲ ತಿಳೀತು, ಎಲ್ಲಾರೂ ನಾಚಬೇಕಾದ್ದ ಅದು ಅಂತ."

ಉಮಾಶ್ರೀಯ ಹಟಕ್ಕೆ ಅಂಗಡಿಗೆ ಮೊಬೈಲ್ ಬಂತು. ಹುಬ್ಬಳ್ಳಿಯ ದರ ಕೇಳಲು ಫೋನ್ ಹಚ್ಚಿದಾಗಲೆಲ್ಲ ಎಲ್ಲರಿಗೂ ಕೇಳಲೆಂದು ಅದರ ಸ್ಪೀಕರ್ ಒತ್ತಿ ಅಂಗಡಿಯ ಮುಂದಿನ ಕಟ್ಟೆಯ ಮೇಲಿಡುತ್ತಿದ್ದಳು. ಮೊದಲ ಸಲ ಹಾಗೆ ಮಾಡಿದಾಗ ಹುಬ್ಬಳ್ಳಿಯ ದರ ಇಲ್ಲಿಗಿಂತ ಜೋರಾಗಿತ್ತು. ಕೇಳಿದ ಸತ್ಯಪ್ಪ ಇಳಿಸಿದ ಹತ್ತಿಯನ್ನು ಮತ್ತೆ ಗಾಡಿಗೆ ಹೇರಿಸಿದ. ಅವನ ಹಿಂದೆ ಇನ್ನೂ ನಾಲ್ಕು ಗಾಡಿ ಹೊರಟವು. ಉಮಾಶ್ರೀಯ ಕಣ್ಣಲ್ಲಿ ನೀರು ಬಂತು.

"ಎಲ್ಲಾ ನನ್ನಿಂದ ಆತು ಅತ್ತಿ. ಫೋನ್ ಕಿವಿಗೆ ಹಿಡ್ಕೊಂಡಿದ್ರ ಆಗತಿತ್ತು."

"ಆಗತಿತ್ತು. ಇವತ್ತೊಂದ ದಿನ ಆಗತಿತ್ತು." ಇಂದ್ರವ್ವ ಎದ್ದು ಹೋಗಿ, ಹೊರಟ ಗಾಡಿಗೆ ತಾನೇ ಹಗ್ಗ ಬಿಗಿಸಿದಳು. "ಸತ್ಯಪ್ಪ, ಅಲ್ಲಿ ತೂಕ ಮಾಡೂ ಮುಂದ ಕಾಟಾದ ಮುಂದ ನಿಂದ್ರು. ಬಾಡಿಗಿ, ಹಮಾಲಿ ಎಲ್ಲಾ ಕಳದು ಏನು ಉಳೀತು ಬಂದು ನನಗೂ ಹೇಳು. ಗಟ್ಟಿಯಾಗಿ ಹೇಳು, ಎಲ್ಲಾರೂ ಕೇಳ್ಲಿ."

ಎರಡು ದಿನಕ್ಕೆ ಸತ್ಯಪ್ಪ ಬಂದ. ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿಯೇ ಹೇಳಿದ. ಹೋದವರಲ್ಲಿ ಯಾರಿಗೂ ಇಲ್ಲಿಗಿಂತ ಹೆಚ್ಚು ಉಳಿದಿರಲಿಲ್ಲ. ಆ ಸುಗ್ಗಿಯಲ್ಲಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಜಾಗ ಸಾಲಲಿಲ್ಲ. ಇಂದ್ರವ್ವ ಹುಬ್ಬಳ್ಳಿಯಿಂದ ಎಲೆಕ್ಟ್ರಾನಿಕ್ ಕಾಟಾ ತರಿಸಿದಳು. ಕೆಂಪು ಅಂಕಿ ಮೂಡುವ ಅದರ ಮುಖ ತನ್ನ ಗಾದಿಯ ಕಡೆಗಿತ್ತು. ಹಮಾಲರನ್ನು ಕರೆದು ಅದನ್ನು ರಸ್ತೆಯ ಕಡೆಗೆ ತಿರುಗಿಸಿದಳು.

"ನಿಮಗ ಕಾಣೂದಿಲ್ಲಲ್ಲ ಅತ್ತಿ?"

"ಅವರು ಓದಿ ಹೇಳ್ತಾರ. ನನ್ನ ಕಿವಿ ಚಲೋ ಅದಾವು."

*

ಭಜನೆಯ ಪದವೊಂದು ಮುಗಿಯುವ ಹೊತ್ತಿಗೆ ಉಮಾಶ್ರೀ ತಂಬಿಗೆ ತೆಗೆದುಕೊಳ್ಳಲು ಮತ್ತೆ ಬಾಗಿಲಿಗೆ ಬಂದಳು. ಯಮನಪ್ಪ ಸುಭಾಸನಿಗೆ ಇನ್ನೂ ಹತ್ತಿರ ಸರಿದು ಕುಳಿತಿದ್ದ. ಇಬ್ಬರ ತೊಡೆಗಳ ಮೇಲೆ ಯಮನಪ್ಪನ ವಲ್ಲಿ ಹಾಸಿತ್ತು. ಅದರ ಕೆಳಗೆ ಏನೋ ಅಲುಗಿತು. ನಿಂತಿತು. ಮತ್ತೆ ಅಲುಗಿತು. ಸುಭಾಸ ನೆಲ ನೋಡುತ್ತ, ಒಪ್ಪಿದವನಂತೆ ತಲೆಯಾಡಿಸಿದ.

ಉಮಾಶ್ರೀ ವಲ್ಲಿಯ ವ್ಯಾಪಾರವನ್ನು ಎಂದೂ ಕಂಡವಳಲ್ಲ. ಆದರೆ ಕೇಳಿದ್ದಳು. ತಾಳ ನಿಂತಿತು. ಬೀದಿ ಮೌನವಾಯಿತು.

"ಕಾಕಾರ," ಎಂದಳು. ದನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಬಾಯಿಲೆ ಹೇಳ್ರಿ."

ವಲ್ಲಿ ಸ್ತಬ್ಧವಾಯಿತು. ಪೆಂಡಾಲಿನಲ್ಲಿದ್ದ ತಲೆಗಳೆಲ್ಲ ತಿರುಗಿದವು.

"ಏನಿಲ್ಲ ತಂಗಿ. ಹುಡುಗಗ ಸಮಾಧಾನ ಹೇಳಾಕ ಹತ್ತಿದ್ನಿ."

"ಬೆರಳಿಲೆ ಎಂಥಾ ಸಮಾಧಾನರಿ?"

ಒಳಗಿನಿಂದ ಶೆಟ್ಟೆವ್ವನ ದನಿ ಬಂತು: "ಹೌದ್ ಹೌದು, ನಮಗೂ ಈಟು ಸಮಾಧಾನ ಬೇಕಾಗೈತಿ, ಜೋರಿಲೆ ಹೇಳಂತ ಹೇಳವಾ!"

ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಸುಭಾಸ ಮುಖ ಕೆಂಪಗೆ ಮಾಡಿಕೊಂಡು, "ಉಮಾ, ಒಳಗ ಹೋಗು. ಇದು ಹೊತ್ತಲ್ಲ," ಎಂದ.

"ಹೊತ್ತು ನಾನು ಹುಡುಕಿಲ್ಲರಿ. ಅತ್ತಿ ಇನ್ನೂ ಮನ್ಯಾಗ ಕುಂತಾರ. ಅವರ ಅಂಗಡಿದು ಮಾತು ನಡದ್ರ ಅವರಿಗೂ ಕೇಳಬೇಕು."

ಸತ್ಯಪ್ಪ ಮುಂದೆ ಬಂದು ಕುಕ್ಕರುಗಾಲಲ್ಲಿ ಕುಳಿತ. "ಹೇಳ್ರಿ ಯಮನಪ್ಪನ್ನಾರ. ನಾವೂ ಕೇಳ್ತೇವಿ. ಕೇಳಿ ರೂಢಿ ಆಗಿಬಿಟ್ಟೈತಿ ನಮಗ."

ಯಮನಪ್ಪ ಗಂಟಲು ಸರಿಮಾಡಿಕೊಂಡ. ಪೇಟೆಯ ಮಂದಿಯೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು. ಕೊನೆಗೆ, "ಮೂರು ಲಕ್ಷ," ಎಂದ. ಎಂದೂ ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಪೆಂಡಾಲಿನಲ್ಲಿ ಗುಜುಗುಜು ಎದ್ದಿತು. "ಬರೇ ಕಟ್ಟಡಕ್ಕನ ಅದರ ದುಪ್ಪಟ್ಟ ಆಗತೈತಲ್ಲೋ!" ಎಂದ ಒಬ್ಬ ಅಡತಿಯವನು, ತಡೆಯಲಾರದೆ.

ಸುಭಾಸ ತನ್ನ ಕೈಯನ್ನು ವಲ್ಲಿಯ ಕೆಳಗಿನಿಂದ ಎಳೆದುಕೊಂಡು, ಅದು ಯಾರದೋ ಕೈ ಎಂಬಂತೆ ನೋಡಿದ. ಬೆರಳಿಗೆ ದೊಡ್ಡದೆನಿಸಿದ್ದು ಕಿವಿಗೆ ಬಿದ್ದಾಗ ಅಷ್ಟೇ ಅಷ್ಟಾಗಿತ್ತು.

"ಆದ್ರ ಉಮಾ, ಕಂಪ್ಯೂಟರ್ ಬಂದ್ರ..." ಎಂದ. ಈಗ ಅವನು ಗದರುತ್ತಿರಲಿಲ್ಲ, ಕೇಳುತ್ತಿದ್ದ. "ಎಲ್ಲಾರಿಗೂ ಎಲ್ಲಾ ಕಾಣತೈತಿ ಅಂದ್ರ ಅಡತಿ ಹೆಂಗ ನಡೀತೈತಿ?"

"ಮುಚ್ಚಿ ಮಾಡಿದವ್ರಿಗೆ ಅಂಜಿಕಿ ಇರಬೇಕು. ನಮಗೇನರಿ? ಅವರು ಈಗ ತರಾಕ ಹತ್ತಿದ್ದನ್ನ ಅತ್ತಿ ಆವಾಗಿಂದ ಮಾಡ್ಕೋತ ಬಂದಾರ. ಪರದೆ ಬರ್ಲಿ. ಅದನ್ನೂ ರಸ್ತಾದ ಕಡೆ ತಿರುಗಿಸಿ ಇಡೂಣು. ರೇಟು ಎಲ್ಲೆರೆ ಕಾಣ್ಲಿ, ಮಾಲು ಇಳಿಸಾಕ, ಒಣಗಿಸಾಕ, ತೂಕದ ಮುಂದ ನಿಂದ್ರಾಕ ಒಂದು ಕಟ್ಟಿ ಬೇಕಲ್ಲ? ಆ ಕಟ್ಟಿ ಮ್ಯಾಲ ನಾ ಕುಂಡ್ರತೇನಿ."

ಕೊನೆಯ ಮಾತು ಹೇಳುವಾಗ ಅವಳ ದನಿ ಒಡೆಯಿತು. ಆದರೂ ಬೀದಿಯ ಆಚೆ ತುದಿಗೂ ಕೇಳಿಸಿತು.

"ಸೋಮವಾರ ಎರಡ ಗಾಡಿ ಗೋವಿನಜೋಳ ತರತೇನಿ ತಂಗಿ," ಎಂದ ಸತ್ಯಪ್ಪ. "ಕಟ್ಟಿ ಕಸಾ ಹೊಡಿಸಿ ಇಡು."

ಸುಭಾಸ ಎದ್ದ. ವಲ್ಲಿಯನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಯಮನಪ್ಪನ ಹೆಗಲ ಮೇಲಿಟ್ಟ. "ಅಂಗಡಿ ಇರ್ಲಿ ಕಾಕಾ," ಎಂದ. ಏಕತಾರಿಯವನು ತಂತಿ ಮೀಟಿದ. ಹೊಸ ಪದ ಎದ್ದಿತು.

*

ಹೂವಿನ ವಿಮಾನದಲ್ಲಿ ಕುಳಿತು ಇಂದ್ರವ್ವ ಮಲಪ್ರಭೆಯ ಕಡೆಗೆ ಹೊರಟಳು. ಪೇಟೆಯ ಮುಂದೆ ಹಾಯುವಾಗ ಹಮಾಲರು ವಿಮಾನಕ್ಕೆ ಹೆಗಲು ಬದಲಿಸಿದರು. ಮುಚ್ಚಿದ ಅಂಗಡಿಗಳ ಸಾಲಿನಲ್ಲಿ ತಾಳದ ಸದ್ದು ಮಾರ್ದನಿಯಾಗಿ ಮರಳಿ ಬರುತ್ತಿತ್ತು.

ಹೊಳೆಯ ದಂಡೆಯಲ್ಲಿ ತೋಡಿದ ಸಮಾಧಿಯೊಳಗೆ ಅವಳನ್ನು ಉತ್ತರಕ್ಕೆ ಮುಖಮಾಡಿ ಕೂರಿಸಿದರು. ಅಯ್ಯನವರು ಲಿಂಗವನ್ನು ಕೊರಳಿನಿಂದ ಬಿಚ್ಚಿ ಎಡ ಅಂಗೈಯಲ್ಲಿಟ್ಟರು. ಇಡಲು ಬೆರಳು ಬಿಡಿಸಬೇಕಾಗಲಿಲ್ಲ. ತವರಿನವರು ಸೀರೆ ಹೊದಿಸಿದರು, ಪೇಟೆಯವರು ಶಾಲು ಹೊದಿಸಿದರು, ತೊರಗಲ್ಲಿನವರು ಪತ್ರಿ ಇಟ್ಟರು.

ಎಲ್ಲರಿಗಿಂತ ಕೊನೆಯಲ್ಲಿ ಯಮನಪ್ಪ ಇಳಿದ. ಹೆಗಲ ವಲ್ಲಿಯನ್ನು ತೆಗೆದು, ಬೇರೇನೂ ತರಲಾಗದವನಂತೆ, ಅದನ್ನೇ ಅವಳ ಮೈಮೇಲೆ ಹೊದಿಸಿ ಕೈಮುಗಿದ. ವಲ್ಲಿ ಜಾರಿತು. ಜಾರಿ ಅವಳ ಎರಡೂ ಕೈಗಳ ಮೇಲೆ ಬಿತ್ತು.

ಮೇಲೆ ಅಂಚಿನಲ್ಲಿ ನಿಂತಿದ್ದ ಉಮಾಶ್ರೀ ಬಾಯಿ ತೆರೆದಳು. ಅಷ್ಟರಲ್ಲಿ ಯಮನಪ್ಪ ತಾನೇ ಬಾಗಿದ. ವಲ್ಲಿಯ ಅಂಚು ಹಿಡಿದೆತ್ತಿ, ಒಂದು ಮಡಿಕೆ, ಇನ್ನೊಂದು ಮಡಿಕೆ ಹಿಂದಕ್ಕೆ ಮಡಚಿ, ಅವಳ ಮೊಣಕೈಯ ಕೆಳಗೆ ಜೋಪಾನವಾಗಿ ಸಿಕ್ಕಿಸಿದ. ಎರಡೂ ಕೈಗಳು ಬಿಸಿಲಿಗೆ ಬಂದವು. ವಿಭೂತಿಯ ಪುಡಿ ತುಂಬಿದ ಮೊದಲ ಬೊಗಸೆ ಮೇಲಿನಿಂದ ಇಳಿಯುವವರೆಗೂ, ತೆರೆದ ಆ ಅಂಗೈ ಸುತ್ತ ನಿಂತ ಅಷ್ಟೂ ಮಂದಿಗೆ ಕಾಣುತ್ತಿತ್ತು.