ಡಬ್ಬಿಗೆ ಒಂಬತ್ತು ಮೀನು

ಒಂದು ಡಬ್ಬಿಗೆ ಐದು ಬೂತಾಯಿ. ತಲೆ, ಬಾಲ ತೆಗೆದು, ಹೊಟ್ಟೆ ಸೀಳಿ ತೊಳೆದ ಮೀನನ್ನು ಒಂದರ ಬೆನ್ನಿಗೆ ಇನ್ನೊಂದು ತಾಗುವಂತೆ ಬೇಬಿಯಕ್ಕ ಜೋಡಿಸುತ್ತಿದ್ದ ರೀತಿ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅವಳು ಎಣಿಸುತ್ತಿರಲಿಲ್ಲ. ಐದನೆಯದು ಕೂತಿತೆಂದರೆ ಡಬ್ಬಿ ತುಂಬಿತು, ಕೈ ಮುಂದಿನ ಡಬ್ಬಿಗೆ ಹೋಯಿತು.

ನಮ್ಮೂರಿನ ಆ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ನಾನು ರೈಟರ್ ಆಗಿದ್ದೆ. ಕಾಗದಪತ್ರ ಬರೆಯುವುದು, ದಕ್ಕೆಯಲ್ಲಿ ದೋಣಿಗಳಿಂದ ಕೊಂಡ ಮೀನನ್ನು ದಾಖಲಿಸುವುದು ನನ್ನ ಕೆಲಸ. ಬೇಬಿಯಕ್ಕ ಮೀನು ಕತ್ತರಿಸಿ ತುಂಬುವ ನಲವತ್ತು ಹೆಂಗಸರ ಮುಂದಾಳು. ಮಾಲೀಕರು ವಾಮನ ಧಣಿಗಳು. ಆ ಹೆಸರನ್ನು ಬಹುವಚನದಲ್ಲಿ ಹೇಳುವುದು ನನ್ನ ಹಾಳು ಅಭ್ಯಾಸ, ಗೌರವವೇನೂ ಉಳಿದಿಲ್ಲ.

ಒಂದು ವರ್ಷ ಧಣಿಗಳು ಕಾರ್ಖಾನೆ ದೊಡ್ಡದು ಮಾಡಲು ಹೊರಟರು. ಸಾಲ ಕೊಡುವ ಸಂಸ್ಥೆಯವರು ಒಂದು ಪ್ರಶ್ನೆ ಕೇಳಿ ಕಳಿಸಿದರು: ಇವತ್ತು ಕಡಲಲ್ಲಿ ಮೀನಿದೆ, ಹತ್ತು ವರ್ಷದ ಮೇಲೂ ಇರುತ್ತದೆಂದು ಏನು ಭರವಸೆ? ಅದಕ್ಕೊಂದು ಸುಸ್ಥಿರತೆಯ ಯೋಜನೆ ಬೇಕು. ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

ನಾನು ಮನಸ್ಸಿಟ್ಟು ಬರೆದೆ. ಆರು ಇಂಚಿಗಿಂತ ಚಿಕ್ಕ ಬೂತಾಯಿ ಕೊಳ್ಳಬಾರದು. ಮಳೆಗಾಲದಲ್ಲಿ ಮೀನು ಮೊಟ್ಟೆಯಿಡುವ ಎರಡು ತಿಂಗಳು ಕಾರ್ಖಾನೆ ಬಾಗಿಲು ಹಾಕಬೇಕು. ಆ ಎರಡು ತಿಂಗಳು ಹೆಂಗಸರಿಗೆ ಅರ್ಧ ಕೂಲಿಯನ್ನು ಸಾಲದ ಹಣದಿಂದಲೇ ತೆಗೆದಿಡಬೇಕು. ಈ ಕೊನೆಯದನ್ನು ಬರೆದಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

"ಸುಸ್ಥಿರ ಅಂದ್ರೆ ಎಂಥದು ರೈಟ್ರೇ? ಸಾರು ಮಾಡ್ಲಿಕ್ಕೆ ಆಗ್ತದಾ?" ಎಂದು ಬೇಬಿಯಕ್ಕ ಕೇಳಿದಳು. ಹೆಂಗಸರೆಲ್ಲ ಘೊಳ್ಳೆಂದು ನಕ್ಕರು.

"ಮಳೆಗಾಲದಲ್ಲಿ ಕೂತು ಅರ್ಧ ಕೂಲಿ ತಗೊಳ್ಳೋದು" ಎಂದೆ.

ನಗು ನಿಂತಿತು. "ಸುಳ್ಳಲ್ಲ ಅಲ್ವಾ?" ಎಂದಳು. ಮಳೆಗಾಲ ಬಂತೆಂದರೆ ಅವಳು ಕಿವಿಯ ಓಲೆಯನ್ನು ಅಡವಿಟ್ಟು ಅಕ್ಕಿ ತರುವವಳು.

"ನಾನೇ ಬರೆದದ್ದು ಬೇಬಿಯಕ್ಕ. ಒಪ್ಪಿಗೆ ಇದೆ ಅಂತ ನೀವೆಲ್ಲ ಒಂದು ಸಹಿ ಹಾಕಿ ಸಾಕು."

ನಲವತ್ತು ಹೆಸರು ಯೋಜನೆಯ ಹಾಳೆಯಲ್ಲಿ ಹಿಡಿಸಲಿಲ್ಲ. ಬೇರೆ ಹಾಳೆ ತೆಗೆದುಕೊಂಡೆ. ಮೇಲೆ ಏನನ್ನೂ ಬರೆಯಲಿಲ್ಲ. ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ಬಂದು ಒಬ್ಬೊಬ್ಬರಾಗಿ ಸಹಿ ಹಾಕಿದರು, ಕೆಲವರು ಹೆಬ್ಬೆಟ್ಟು ಒತ್ತಿದರು. ಖಾಲಿ ಹಾಳೆಗೆ ಸಹಿ ಹಾಕಿಸಬಾರದೆಂದು ಗೊತ್ತಿಲ್ಲದ ರೈಟರ್ ಯಾವ ಸೀಮೆಯ ರೈಟರ್!

ಯೋಜನೆಯನ್ನೂ ಸಹಿಯ ಹಾಳೆಯನ್ನೂ ಧಣಿಗಳ ಕೈಗೆ ಕೊಟ್ಟೆ. ಯೋಜನೆ ಸಂಸ್ಥೆಗೆ ಹೋದ ಮೇಲೂ ದಕ್ಕೆಯಿಂದ ಬರುವ ಮೀನು ದೊಡ್ಡದಾಗಲಿಲ್ಲ, ಇನ್ನೂ ಚಿಕ್ಕದಾಯಿತು. ಅಗ್ಗಕ್ಕೆ ಸಿಗುತ್ತದೆಂದು ಧಣಿಗಳು ಮರಿಮೀನನ್ನೇ ಬುಟ್ಟಿಗಟ್ಟಲೆ ಎತ್ತಿಸಿದರು. ನನ್ನ ಪುಸ್ತಕದಲ್ಲಿ ಮೀನಿನ ತೂಕವಿತ್ತು, ಉದ್ದವಿರಲಿಲ್ಲ. ಉದ್ದ ಗೊತ್ತಿದ್ದದ್ದು ತುಂಬುವವರ ಕೈಗಳಿಗೆ. ಐದರಲ್ಲಿ ತುಂಬುತ್ತಿದ್ದ ಡಬ್ಬಿಗೆ ಈಗ ಒಂಬತ್ತು ಬೇಕಾಯಿತು. ಕೂಲಿಯೋ ಡಬ್ಬಿಗಿಷ್ಟು ಎಂದು. ಅಂದರೆ ಒಂಬತ್ತು ತಲೆ ಕತ್ತರಿಸಿ ಐದರ ಕೂಲಿ.

"ರೈಟ್ರೇ, ನಿಮ್ಮ ಆರು ಇಂಚು ಎಲ್ಲಿ ಹೋಯ್ತು?" ಬೇಬಿಯಕ್ಕ ಕೇಳಿದಳು. ಈ ಸಲ ಯಾರೂ ನಗಲಿಲ್ಲ.

ಧಣಿಗಳನ್ನು ಕೇಳಿದೆ. "ಸಾಲ ಕೈಗೆ ಬರುವ ತನಕ ಕಾರ್ಖಾನೆ ಓಡಬೇಕಲ್ಲ ಮಾರಾಯ್ರೇ" ಎಂದರು. "ನಾಳೆ ಅವರು ನೋಡಲಿಕ್ಕೆ ಬರ್ತಾರೆ. ನೀವು ನಡುವೆ ಬಾಯಿ ಹಾಕಿ ಸಾಲ ತಪ್ಪಿಸಿದರೆ ನಲವತ್ತು ಮನೆಯ ಒಲೆ ಆರ್ತದೆ. ಆ ಪಾಪ ನಿಮ್ಮದು." ಎಷ್ಟು ಮೆತ್ತಗೆ ಹೇಳಿದರು ಅಂತೀರಿ! ನಾನು ನಂಬಿದೆ.

ಮರುದಿನ ಸಂಸ್ಥೆಯಿಂದ ಒಬ್ಬ ಮೇಡಂ ಬಂದರು. ಅವತ್ತಿಗೆಂದು ಎಲ್ಲಿಂದಲೋ ತರಿಸಿದ ದಪ್ಪ ಮೀನು ಮೇಜಿನ ಮೇಲಿತ್ತು. ಮೇಡಂ ನೋಡಿ ಮೆಚ್ಚಿದರು. ಅಷ್ಟರಲ್ಲಿ ಬೇಬಿಯಕ್ಕ ಹಿಂದಿನ ದಿನದ ರಾಶಿಯಿಂದ ಒಂದು ಡಬ್ಬಿ ತಂದು, ಕತ್ತಿಯ ಮೊನೆಯಿಂದ ಮುಚ್ಚಳ ಸೀಳಿ, ಅವರೆದುರೇ ಬಟ್ಟಲಿಗೆ ಬಗ್ಗಿಸಿದಳು. ಒಂದೊಂದನ್ನೇ ಬೆರಳಿಂದ ಬೇರ್ಪಡಿಸುತ್ತ ಜೋರಾಗಿ ಎಣಿಸಿದಳು. ಅವಳು ಎಣಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಒಂಬತ್ತು ಉಂಟು ಮೇಡಂ. ದೊಡ್ಡ ಮೀನಾದ್ರೆ ಐದೇ ಹಿಡಿಯುದು. ಇದು ಎಲ್ಲ ಮರಿ."

ಮೇಡಂ ಧಣಿಗಳ ಕಡೆ ತಿರುಗಿದರು. ಧಣಿಗಳ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ಅದು ಬೇರೆ ಜಾತಿಯ ಬೂತಾಯಿ, ಬೆಳೆಯುವುದೇ ಅಷ್ಟು. ಬೇಕಾದರೆ ಯೋಜನೆ ಬರೆದವರನ್ನೇ ಕೇಳಿ."

ಎಲ್ಲರೂ ನನ್ನನ್ನು ನೋಡಿದರು. ಬೇಬಿಯಕ್ಕನೂ ನೋಡಿದಳು. ಹೆದರಿಕೆಯೇನೂ ಇರಲಿಲ್ಲ ಅವಳ ಮುಖದಲ್ಲಿ. ನಾನು ಇದ್ದೇನೆಂಬ ಧೈರ್ಯದಲ್ಲೇ ಅವಳು ಡಬ್ಬಿ ಒಡೆದಿದ್ದಳು.

"ಹೌದು. ಬೇರೆ ಜಾತಿ" ಎಂದೆ.

ಸಾಲ ಬಂತು. ಮೂರೇ ತಿಂಗಳಲ್ಲಿ ತಲೆ ಕತ್ತರಿಸಿ ಡಬ್ಬಿ ತುಂಬುವ ಯಂತ್ರವೂ ಬಂತು. ನನ್ನ ಯೋಜನೆಯಲ್ಲಿ ಯಂತ್ರದ ಸುದ್ದಿಯೇ ಇರಲಿಲ್ಲ. ಧಣಿಗಳು ನಲವತ್ತು ಹೆಂಗಸರನ್ನೂ ಅಂಗಳಕ್ಕೆ ಕರೆಸಿ, ನಾಳೆಯಿಂದ ಬರುವುದು ಬೇಡ ಎಂದರು. "ಎಂಥ ಅನ್ಯಾಯ ಇದು!" ಎಂದು ಕೂಗೆದ್ದಿತು. ಧಣಿಗಳು ಕಡತದಿಂದ ಒಂದು ಹಾಳೆ ತೆಗೆದು ತೋರಿಸಿದರು. "ಯಂತ್ರ ಬಂದಾಗ ಪರಿಹಾರ ಕೇಳದೆ ಕೆಲಸ ಬಿಡಲು ನಮ್ಮ ಒಪ್ಪಿಗೆಯಿದೆ" ಎಂದು ಟೈಪು ಮಾಡಿದ ಎರಡು ಸಾಲು. ಕೆಳಗೆ ನಾನು ಹಾಕಿಸಿಕೊಂಡ ನಲವತ್ತು ಸಹಿ. ಒಂದೆರಡು ಹೆಬ್ಬೆಟ್ಟಿನ ಪಕ್ಕ ಮೀನಿನ ಎಣ್ಣೆಯ ಕಲೆಯೂ ಹಾಗೇ ಇತ್ತು.

ನಾನು ಧಣಿಗಳ ಕೋಣೆಗೆ ನುಗ್ಗಿದೆ. "ಇದು ಮೋಸ! ಈ ಸಾಲು ಆಗ ಇರಲಿಲ್ಲ!"

"ಹೌದಾ? ಆಗ ಏನಿತ್ತು?" ಎಂದು ಕೇಳಿದರು. ಆಮೇಲೆ ನಗುತ್ತಲೇ, "ಮೇಡಂ ಎದುರು ಬೇರೆ ಜಾತಿ ಅಂದವರು ನೀವು. ಈಗ ನಿಮ್ಮ ಮಾತು ಯಾರು ನಂಬ್ತಾರೆ? ಕೂತ್ಕೊಳ್ಳಿ, ಚಾ ಕುಡೀರಿ" ಎಂದರು.

ಆ ಚಾದ ಗ್ಲಾಸನ್ನು ಗೋಡೆಗೆ ಅಪ್ಪಳಿಸಿ ಹೊರಬಿದ್ದೆ. ಸಂಸ್ಥೆಗೆ ಮೂರು ಪತ್ರ ಬರೆದೆ. ಒಂದಕ್ಕೆ ಉತ್ತರ ಬಂತು: ಯೋಜನೆಯ ಪ್ರಗತಿ ತೃಪ್ತಿಕರವಾಗಿದೆ. ಥೂ!

ವಾರದ ಮೇಲೆ ಬೇಬಿಯಕ್ಕನ ಮನೆಗೆ ಹೋದೆ. ಅವಳು ಹೊರಡುವ ಗಡಿಬಿಡಿಯಲ್ಲಿದ್ದಳು. ಈಗ ತಲೆಹೊರೆಯಲ್ಲಿ ಮೀನು ಹೊತ್ತು ದೂರದ ಊರುಗಳಿಗೆ ಮಾರಲು ಹೋಗುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಧಣಿಗಳಿಗೆ ಬಾಯಿಗೆ ಬಂದಂತೆ ಬೈದೆ. ಕಳ್ಳ ಎಂದೆ, ರಕ್ತ ಹೀರುವವನು ಎಂದೆ.

ಅವಳು ಬುಟ್ಟಿಯ ಮೇಲೆ ಒದ್ದೆ ಗೋಣಿ ಹೊದೆಸುತ್ತ ಪೂರ್ತಿ ಕೇಳಿದಳು.

"ನಿಮ್ಮ ಸಿಟ್ಟು ಇಟ್ಕೊಂಡು ಈಗ ನಾನೇನು ಮಾಡ್ಲಿ ರೈಟ್ರೇ?" ಎಂದಳು. "ಆವತ್ತು ಒಂದು ಮಾತು ಬೇಕಿತ್ತು."

ಬುಟ್ಟಿ ಎತ್ತಿಕೊಡಲು ಬಗ್ಗಿದೆ. "ಬೇಡ" ಎಂದು ಅವಳು ಪಕ್ಕದ ಮನೆಯವಳನ್ನು ಕೂಗಿದಳು. ಇಬ್ಬರೂ ಸೇರಿ ಎತ್ತಿದರು. ನಾನು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ. ತಲೆಯ ಮೇಲಿನ ಬುಟ್ಟಿಯಿಂದ ನೀರು ಅವಳ ಕುತ್ತಿಗೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳದೆ, ತಿರುಗಿ ನೋಡದೆ, ಅವಳು ಬಸ್ಸಿನ ರಸ್ತೆಯ ಕಡೆ ಬೇಗಬೇಗ ನಡೆದಳು.