ಜಿನಮತಿಯ ಮೊದಲ ಓಟು

“ಅಲ್ಲಿ ಹೆಂಗಸ್ರು ಓಟು ಹಾಕಾಕ ಹೋದಾಗ ಮನ್ಯಾಗ ರೊಟ್ಟಿ ಯಾರ ಬಡದ್ರು?” ಎಂದು ಪಕ್ಕದ ಅಂಗಡಿಯ ನಾಗಲಿಂಗ ಕೇಳಿದ.

ಅಂಗಡಿಯ ಕಟ್ಟೆಯ ಮೇಲೆ ಕೂತವರೆಲ್ಲ ನಕ್ಕರು. ಆದಿನಾಥ ನಗಲಿಲ್ಲ. ಖಾನಾಪುರದ ಪೇಟೆಯಲ್ಲಿ ಅವನದು ಕಾಳಿನ ಅಂಗಡಿ. ಜೀವವೆಲ್ಲ ಮಾತ್ರ ಒಂದು ಹಳೆಯ ಪುಸ್ತಕದ ಮೇಲೆ. ಬೆಳಗಾವಿಯ ಕ್ಯಾಂಪಿನಲ್ಲಿ, ತನ್ನೂರಿಗೆ ಹೊರಟ ಇಂಗ್ಲಿಷ್ ದೊರೆಯೊಬ್ಬನ ಸಾಮಾನು ಹರಾಜಾದಾಗ ಕೊಂಡದ್ದು. ನ್ಯೂಜಿಲೆಂಡ್ ಎಂಬ ದೂರದ ನಡುಗಡ್ಡೆಯಲ್ಲಿ ೧೮೯೩ನೆಯ ಇಸವಿಯಲ್ಲಿ ನಡೆದ ಸಭೆ, ಕಾಯಿದೆ, ಚುನಾವಣೆ ಎಲ್ಲ ಅದರಲ್ಲಿದ್ದವು. ಆ ವರ್ಷ ಅಲ್ಲಿಯ ಹೆಂಗಸರಿಗೆ ಓಟು ಸಿಕ್ಕಿತ್ತು. ಮೂವತ್ತಮೂರು ವರ್ಷದ ಹಿಂದಿನ ಆ ಸುದ್ದಿಯನ್ನು ಆದಿನಾಥ ನಿನ್ನೆಯ ಟಪಾಲಿನಲ್ಲಿ ಬಂದದ್ದೇನೋ ಎಂಬಂತೆ ಓದಿ ಹೇಳುತ್ತಿದ್ದ. ಈಗಂತೂ ತಾಲೂಕು ಬೋರ್ಡಿನ ಚುನಾವಣೆಗೆ ತಾನೇ ನಿಂತಿದ್ದ. ಎದುರಾಳಿ ಬೀಡಿ ಎಂಬ ಹಳ್ಳಿಯ ಬಂಡೆಪ್ಪ. ಗಂಡಸರ ಓಟು ಇಬ್ಬರಿಗೂ ಹೆಚ್ಚುಕಡಿಮೆ ಸರಿಸಮ ಎಂದು ಪೇಟೆಯ ಲೆಕ್ಕಾಚಾರ.

“ನಗ್ರಿ, ನಗ್ರಿ. ಪಟ್ಟಿಯೊಳಗ ಹನ್ನೊಂದ ಮಂದಿ ಹೆಣ್ಣಮಕ್ಕಳು ಅದಾರ. ನಾಳೆ ಅವರ ನನ್ನ ಗೆಲ್ಲಸತಾರ,” ಎಂದ.

ಹನ್ನೊಂದರಲ್ಲಿ ಮೊದಲನೆಯವಳು ಅವನ ಹೆಂಡತಿ ಜಿನಮತಿ. ಬೀಡಿಯಲ್ಲಿ ತವರಿನಿಂದ ಬಂದ ಹೊಲ ಅವಳ ಹೆಸರಿಗಿತ್ತು. ಆಗ ಆಸ್ತಿ ಇದ್ದವರಿಗಷ್ಟೇ ಓಟು; ಅವಳಿಗೆ ಬಂದದ್ದು ಅದರಿಂದ. ಅಕ್ಷರ ಬರುತ್ತಿರಲಿಲ್ಲ. ನ್ಯೂಜಿಲೆಂಡಿನ ಹೆಂಗಸರ ವಿಚಾರ ಓದುವ ಗಡಿಬಿಡಿಯಲ್ಲಿ ಅವಳಿಗೆ ಅಕ್ಷರ ಕಲಿಸಲು ಆದಿನಾಥನಿಗೆ ಪುರಸತ್ತಾಗಿರಲಿಲ್ಲ.

ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತಾಗ ಅವಳು ಕೇಳಿದಳು:

“ಒಳಗ ಹೋಗಿ ಏನ ಮಾಡಬೇಕ್ರಿ?”

“ಸಾಹೇಬ್ರು ಕುಂತಿರತಾರ. ಓದಾಕ ಬರದವರು ಹೆಸರ ಹೇಳಿದ್ರ ಆತು, ಅವರ ಗುರುತ ಹಾಕತಾರ.”

“ಬಾಯ್ಲೆ ಹೇಳಬೇಕೇನು?”

“ಮತ್ತ? ಉಳದವರಿಗಿ ನೀನ ದಾರಿ ತೋರಸಬೇಕು.”

ಜಿನಮತಿ ಇನ್ನೊಂದು ರೊಟ್ಟಿ ಬಡಿಸಿದಳು. ಅವನು ಅದನ್ನು ಒಪ್ಪಿಗೆ ಎಂದುಕೊಂಡ.

ಮರುದಿನ ಹನ್ನೊಂದು ಮಂದಿಯನ್ನೂ ಗಾಡಿಯಲ್ಲಿ ಓಟು ನಡೆಯುವ ಸಾಲೆಯ ಮುಂದೆ ಇಳಿಸಿ, “ಇಕಿ ಏನ ಅಂತಾಳ ಅದನ್ನ ಅನ್ರಿ,” ಎಂದು ಹೇಳಿ ಒಳಗೆ ಕಳಿಸಿದ. ತಾನು ಹುಣಸೆ ಮರದ ಕೆಳಗೆ ನಿಂತು ನಾಗಲಿಂಗನಿಗೆ, “ನೋಡಪಾ, ಎಷ್ಟ ಶಾಂತ ನಡದೈತಿ. ಅಲ್ಲೂ ಹಿಂಗ ಆಗಿತ್ತು,” ಎಂದ.

ಜಿನಮತಿ ಹೊರಗೆ ಬಂದಳು.

“ಹೇಳಿದೇನು?”

“ಹೇಳಿದ್ನ್ರಿ. ಮೊದಲ ‘ನಮ್ಮ ಮನಿಯವರಿಗಿ’ ಅಂದೆ. ಆ ಹೆಸರಿನವರು ಯಾರೂ ನಿಂತಿಲ್ಲ ಅಂದ್ರು. ಮೊದಲನೇ ತೀರ್ಥಂಕರರ ಹೆಸರು ಐತೆಲ್ರಿ, ಅದ ಅಂದೆ. ತೀರ್ಥಂಕರರೂ ನಿಂತಿಲ್ಲವ್ವಾ, ಲಗೂ ಹೇಳು, ಹಿಂದ ಮಂದಿ ಐತಿ ಅಂದ್ರು.”

“ಮತ್ತ?”

“ನಿಂತವರು ಇಬ್ಬರು. ನಾ ಬಾಯಾಗ ತರೂ ಹೆಸರು ಒಂದ. ಬಂಡೆಪ್ಪ ಅಂದೆ.”

ನಾಗಲಿಂಗ ಮರದ ಮೇಲಿನ ಹುಣಸೆಕಾಯಿ ನೋಡತೊಡಗಿದ. ಅಷ್ಟರಲ್ಲಿ ಕುರಿಗಾರರ ಸಾತವ್ವ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದಳು.

“ಅಕ್ಕಾರು ಅಂದಂಗ ಅಂದ್ನ್ರಿ ಯಜಮಾನ್ರ. ಎಲ್ಲಾರೂ ಹಂಗ ಅನ್ನಾಕತ್ತಾರ. ಒಬ್ಬಾಕಿನೂ ತಪ್ಪಿಲ್ಲ.”

ಆದಿನಾಥ ಹೆಂಡತಿಯ ಕಡೆ ತಿರುಗಿದ. ಇಪ್ಪತ್ತೆರಡು ವರ್ಷ ಆ ಬಾಯಲ್ಲಿ ತನ್ನ ಹೆಸರು ಕೇಳದವನಿಗೆ ಅದು ಇಂದೇ ನೆನಪಾದಂತಿತ್ತು.

“ಇವತ್ತೊಂದ ದಿನ ಹೇಳಿದ್ರ ಏನಾಗತಿತ್ತು?”

“ನಿಮ್ಮ ಆಯುಷ್ಯ ಕಡಿಮಿ ಮಾಡಿ ಬೋರ್ಡಿಗಿ ಕಳಸಲೇನು?” ಎಂದು ಜಿನಮತಿ ಮೆಲ್ಲಗೆ ಕೇಳಿದಳು. “ಆ ನಡುಗಡ್ಡಿ ಹೆಂಗಸ್ರು ಗಂಡನ ಹೆಸರು ಹೇಳತಾರೇನ್ರಿ? ವರ್ಷಗಟ್ಲೆ ಓದೀರಿ, ಅದೊಂದ ಹೇಳಲಿಲ್ಲ.”

ಪುಸ್ತಕದಲ್ಲಿ ಅದು ಇರಲಿಲ್ಲ.

ಸಾಲೆಯ ಬಾಗಿಲಿಗೆ ಸಿಪಾಯಿ ಬಂದು, ಇನ್ನೂ ಓಟು ಹಾಕದಿದ್ದ ಆದಿನಾಥನ ಹೆಸರನ್ನು ಪೇಟೆಗೆಲ್ಲ ಕೇಳುವಂತೆ ಎರಡು ಸಲ ಕೂಗಿದ. ಜಿನಮತಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತಳು.