ಹೂಜಿಯ ನೆರಳಿಗೆ ಯಾವ ದಾರ

ಬೆಳಗಿನಿಂದ ಸೊಸೆ ಕಾಲು ಸುಟ್ಟ ಬೆಕ್ಕಿನ ಹಾಗೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಮೇಲೆ ಕಸೂತಿ ಕೋಣೆ, ಕೆಳಗೆ ಗಂಡನ ಚೌಕಟ್ಟಿನ ಅಂಗಡಿ. ಮೇಲೆ ಹೋದರೆ ಕೆಳಗೆ ಏನೋ ಮರೆತೆ ಅನ್ನಿಸುತ್ತಿತ್ತು, ಕೆಳಗೆ ಬಂದರೆ ಮರೆತದ್ದೇನೆಂದು ತಿಳಿಯುತ್ತಿರಲಿಲ್ಲ. ಅತ್ತೆಯ ಕಣ್ಣಿನ ಪಟ್ಟಿ ಇವತ್ತು ಬಿಚ್ಚುತ್ತಾರೆ. ಪೊರೆ ತೆಗೆಸಿಕೊಂಡ ಕಣ್ಣಿನಿಂದ ಬೇರೆಯವರಾದರೆ ಮೊದಲು ಕನ್ನಡಿ ನೋಡಿಕೊಂಡಾರು. ಅತ್ತೆ ನೋಡುವುದು ತಮ್ಮ ಕೆಲಸವನ್ನು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆ ಕೆಲಸ ಸೊಟ್ಟ ಹೋಗಲೆಂದು ನೀರು ಚಿಮುಕಿಸಿಕೊಂಡು, ಕೆಳಗಡೆ ಹಲಗೆಯ ಮೇಲೆ ಸುತ್ತಲೂ ಮೊಳೆ ಹೊಡೆಸಿಕೊಂಡು ಮಲಗಿತ್ತು. ಒಂದು ಹೋಟೆಲಿನ ಊಟದ ಕೋಣೆಯ ಗೋಡೆಗೆಂದು ಮಾಡಿದ ದೊಡ್ಡ ಕಸೂತಿ ಕ್ಯಾನ್ವಾಸ್. ಬಿಳಿ ಬಟ್ಟೆ ಹಾಸಿದ ಮೇಜು, ಮೇಜಿನ ಮೇಲೊಂದು ಹೂಜಿ, ಪಕ್ಕದಲ್ಲಿ ಕೆಲವು ಹಣ್ಣು. ಹೇಳುವುದಕ್ಕೆ ಇಷ್ಟೇ. ಆದರೆ ಆ ಜಾಲರಿ ಬಟ್ಟೆಯ ಒಂದೊಂದು ಕಣ್ಣನ್ನೂ ದಾರದಿಂದ ತುಂಬುವುದರಲ್ಲಿ ಒಂದು ವರ್ಷ ಕಳೆದುಹೋಗಿತ್ತು.

"ಇವತ್ತೇ ಹೋಟೆಲಿಗೆ ಕಳಿಸಿಬಿಡೋಣ," ಎಂದಳು ಗಂಡನಿಗೆ.

ಗಂಡ ಬಾಯಲ್ಲಿ ಸದಾ ಮೊಳೆ ಕಚ್ಚಿಕೊಂಡಿರುವವನು. ಕೆಲಸಕ್ಕಾಗಿ ಕಚ್ಚಿಕೊಳ್ಳುತ್ತಾನೋ, ಮಾತು ತಪ್ಪಿಸಿಕೊಳ್ಳಲು ಕಚ್ಚಿಕೊಳ್ಳುತ್ತಾನೋ, ಮದುವೆಯಾಗಿ ಇಷ್ಟು ಕಾಲವಾದರೂ ಅವಳಿಗೆ ತೀರ್ಮಾನವಾಗಿರಲಿಲ್ಲ. ಅವನು ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ.

"ಒದ್ದೆ ಇದೆ."

"ಅಲ್ಲೇ ಒಣಗಲಿ ಬಿಡಿ."

"ಎಡಗಡೆ ಮೂಲೆ ಎಳೆದುಕೊಂಡಿದೆ. ಈಗ ತೆಗೆದ್ರೆ ಸೊಟ್ಟ ನಿಲ್ಲುತ್ತೆ. ಅಲ್ಲಿ ಯಾರು ಅರೆ ಹೊಲಿಗೆ ಹಾಕಿದ್ದು?"

ಅವಳು ಮತ್ತೆ ಮೇಲೆ ಹೋದಳು. ಹಾಕಿದ್ದು ಅವಳೇ. ಬುಟ್ಟಿ ಹೊಲಿಗೆ ಹಾಕಿದರೆ ದಾರ ಹಿಂಭಾಗದಲ್ಲಿ ಹಿಂದೆ ಮುಂದೆ ಹೆಣೆದುಕೊಂಡು ಕ್ಯಾನ್ವಾಸನ್ನು ಚೌಕವಾಗಿ ಹಿಡಿದು ನಿಲ್ಲಿಸುತ್ತದೆ, ಆದರೆ ಸಮಯ ಬೇಡುತ್ತದೆ. ಅರೆ ಹೊಲಿಗೆ ಬೇಗ ಮುಗಿಯುತ್ತದೆ, ಮುಂದಿನಿಂದ ನೋಡಿದರೆ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ, ಆದರೆ ಬಟ್ಟೆಯನ್ನು ಒಂದು ಕಡೆಗೆ ಜಗ್ಗುತ್ತದೆ. ಕೆಲಸ ಕಲಿಯಲು ಬಂದ ಮೊದಲ ವಾರ ಅತ್ತೆ ಹೇಳಿಕೊಟ್ಟ ಪಾಠ ಇದು. ಅತ್ತೆ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ, ಅವರು ಬರುವುದರೊಳಗೆ ಮುಗಿಸಬೇಕೆಂಬ ಗಡಿಬಿಡಿಯಲ್ಲಿ, ಅವಳು ಆ ಪಾಠವನ್ನು ಗಾಳಿಗೆ ತೂರಿದ್ದಳು. ಬಚ್ಚಿಡಲೆಂದು ಅವಸರ ಮಾಡಿದಳು, ಆ ಅವಸರವೇ ಈಗ ಕ್ಯಾನ್ವಾಸನ್ನು ಮನೆ ಬಿಟ್ಟು ಹೋಗದಂತೆ ಹಿಡಿದು ಕೂರಿಸಿತ್ತು.

ಬಚ್ಚಿಡುವಂಥದ್ದೇನು ಎಂದರೆ, ಹೇಳಿಬಿಡುವುದೇ ವಾಸಿ.

ಆ ಕೋಣೆಯಲ್ಲಿ ದಾರ ಆರಿಸುವ ಹಕ್ಕು ಅತ್ತೆಯದು. ಗಿರಾಕಿಗಳು ಅವರನ್ನು ಹದ್ದಿನಕಣ್ಣು ಎಂದೇ ಕರೆಯುತ್ತಿದ್ದರು. ಬೆಳಗಿನ ಬೆಳಕಿನಲ್ಲಿ ಕಿಟಕಿಯ ಪಕ್ಕ ಕೂತು, ಕ್ಯಾನ್ವಾಸಿನ ಮೇಲೆ ದಾರದ ಲಡಿಗಳನ್ನು ಹರಡಿ, ಇಲ್ಲಿಗೆ ಉಣ್ಣೆ, ಅಲ್ಲಿಗೆ ರೇಷ್ಮೆ, ಕುರ್ಚಿಯ ಮೆತ್ತೆಗಾದರೆ ಉದ್ದ ಹೊಲಿಗೆ ಬೇಡ, ಕೂತವರ ಬಟ್ಟೆಯ ಗುಂಡಿಗೆ ಸಿಕ್ಕಿಕೊಳ್ಳುತ್ತದೆ ಎಂದು ತೀರ್ಪು ಕೊಡುವರು. ಸೊಸೆಯ ಪಾಲಿಗೆ ಉಳಿಯುತ್ತಿದ್ದದ್ದು ಹಿನ್ನೆಲೆ ತುಂಬುವ ಕೆಲಸ. ಅವಳಿಗೂ ಬಣ್ಣದ ಕಣ್ಣಿತ್ತು. ಬೀದಿಯಲ್ಲಿ ಹೋಗುವಾಗ ಗೋಡೆ, ಬಾಗಿಲು, ಹೆಂಗಸರ ಸೆರಗು ನೋಡಿ ಮನಸ್ಸಿನಲ್ಲೇ ಲಡಿ ಆರಿಸುವಳು. ಕೇಳುವವರು ಯಾರು?

ಹೋದ ವರ್ಷ ಒಂದು ದಿಂಬಿನ ಮೇಲಿನ ಕೊಕ್ಕರೆಗೆ ಅತ್ತೆ ಬಿಳಿಯೆಂದು ಆರಿಸಿಕೊಟ್ಟದ್ದು ತಿಳಿಹಳದಿ.

"ಅತ್ತೆ, ಇದು ಸ್ವಲ್ಪ ಹಳದಿ ಅನ್ಸಲ್ವಾ?"

"ನನಗೆ ಬಣ್ಣ ಹೇಳಿಕೊಡೋ ಅಷ್ಟು ದೊಡ್ಡವಳಾದ್ಯಾ?" ಎಂದು ಅತ್ತೆ ಮೂಗು ಮುರಿದರು.

ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಆದರೆ ಹೊಲಿಯುವಾಗ ಹಳದಿಯನ್ನು ಡ್ರಾಯರಿಗೆ ಸೇರಿಸಿ ಬಿಳಿಯನ್ನು ಹಾಕಿದಳು. ಅತ್ತೆ ಮುಗಿದ ದಿಂಬನ್ನು ನೋಡಿ, "ನೋಡಿದ್ಯಾ? ಯಾರು ಸರಿ?" ಎಂದರು. ಅಲ್ಲಿಂದ ಶುರುವಾಯಿತು. ಅತ್ತೆ ನೀಲಿಯೆಂದು ಕಪ್ಪು ಕೊಡುವರು, ಅವಳು ನೀಲಿ ಹಾಕುವಳು. ಮೊದಮೊದಲು ಪಾಪ ಅನ್ನಿಸಿ ಮಾಡಿದ್ದು ನಿಜ. ಆಮೇಲಾಮೇಲೆ ಅದರ ರುಚಿ ಹತ್ತಿತು ಎನ್ನುವುದೂ ನಿಜ. ತಾನು ಆರಿಸಿದ ಬಣ್ಣಗಳು ಊರವರ ಮನೆಗಳಲ್ಲಿ ಕೂತಿವೆ, ಹೊಗಳಿಕೆ ಅತ್ತೆಗೆ ಹೋದರೆ ಹೋಗಲಿ ಎಂದು ಒಳಗೊಳಗೇ ಬೀಗುತ್ತಿದ್ದಳು.

ಕೊನೆಗೆ ಅತ್ತೆ ಮೆಟ್ಟಿಲು ತಪ್ಪಿ ಬಿದ್ದಾಗ ಮಗ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಮೊದಲು ಒಂದು, ಆಮೇಲೆ ಇನ್ನೊಂದು ಎಂದರು. "ಇಷ್ಟು ದಿನ ಗೊತ್ತೇ ಆಗಲಿಲ್ವಾ?" ಎಂದು ಡಾಕ್ಟರು ಕೇಳಿದ್ದನ್ನು ಗಂಡ ಮನೆಗೆ ಬಂದು ಹೇಳಿದಾಗ, ಸೊಸೆ ತೆರೆದಿದ್ದ ದಾರದ ಡ್ರಾಯರನ್ನು ಮುಚ್ಚಿದಳು.

ಹನ್ನೊಂದರ ಸುಮಾರಿಗೆ ಅಂಗಡಿಯ ಮುಂದೆ ಆಟೋ ನಿಂತಿತು. ಆಸ್ಪತ್ರೆಯಲ್ಲಿ ಜೊತೆಗಿದ್ದ ನಾದಿನಿಯ ಕೈ ಹಿಡಿದು ಇಳಿದ ಅತ್ತೆ ಬಾಗಿಲಲ್ಲೇ ಆ ಕೈ ಬಿಡಿಸಿಕೊಂಡರು. ಮಗನ ಅಂಗಿ ನೋಡಿ, "ಇದು ಇಷ್ಟು ಕೊಳಕಾಗಿತ್ತಾ?" ಎಂದರು. ಸೊಸೆಯ ಮುಖ ನೋಡಿ, "ಸೊರಗಿದೀಯ," ಎಂದರು. ಆಮೇಲೆ ನೆಟ್ಟಗೆ ಹಲಗೆಯ ಹತ್ತಿರ ಹೋದರು.

ಸೊಸೆ ನೀರು ತರುತ್ತೇನೆಂದು ಒಳಗೆ ಹೋದವಳು ಬರಿಗೈಯಲ್ಲಿ ವಾಪಸು ಬಂದಳು. ಅತ್ತೆ ಬಗ್ಗಿ ನೋಡುತ್ತಿದ್ದರು. ಒಂದು ಕಣ್ಣು ಮುಚ್ಚಿದರು, ತೆರೆದರು, ಇನ್ನೊಂದು ಮುಚ್ಚಿದರು.

"ಈ ಮೂಲೆ ನಾನು ಹಾಕಿದ್ದು. ನೀನು ನಿಮ್ಮಕ್ಕನ ಬಾಣಂತನಕ್ಕೆ ಹೋಗಿದ್ದಾಗ. ನನ್ನ ಹೊಲಿಗೆ ಯಾವತ್ತು ಹೀಗೆ ಎಳೆದುಕೊಂಡಿದೆ?"

ನಾದಿನಿ ಗಡಿಯಾರ ನೋಡಿ, ಮಕ್ಕಳು ಸ್ಕೂಲಿಂದ ಬರುತ್ತಾರೆಂದು ಜಾಗ ಖಾಲಿ ಮಾಡಿದಳು.

"ಮೇಲಿಂದ ಬಿಳಿ ಒಂದು ಲಡಿ, ತಿಳಿಹಳದಿ ಒಂದು ಲಡಿ ತಗೊಂಡು ಬಾ."

ತಂದುಕೊಟ್ಟಳು. ಅತ್ತೆ ಎರಡನ್ನೂ ಪಕ್ಕಪಕ್ಕ ಹಿಡಿದು ಹೊಸ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು.

"ಈ ಕಣ್ಣಿಗೆ ಎರಡೂ ಒಂದೇ. ಹೋದ ವರ್ಷ ಎರಡು ಕಣ್ಣೂ ಹೀಗೇ ಇದ್ದವು. ಹಾಗಿದ್ದಮೇಲೆ ಪ್ರತಿ ಸಲ ಸರಿಯಾದ್ದೇ ಹೇಗೆ ನನ್ನ ಕೈಗೆ ಸಿಕ್ತು?"

"ನಾನು ಬದಲಾಯಿಸ್ತಿದ್ದೆ ಅತ್ತೆ."

"ಯಾವುದನ್ನ?"

"ತಪ್ಪಿದ್ದನ್ನೆಲ್ಲ. ಈ ಮೂಲೇನೂ ಬಿಚ್ಚಿ ಬೇರೆ ಬಣ್ಣ ಹಾಕಿದ್ದು ನಾನೇ."

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಅವರು ಸ್ಟೂಲು ಎಳೆದುಕೊಂಡು ಕೂತರು.

"ನನ್ನ ಕಣ್ಣು ಹೋಗ್ತಿರೋದು ನನಗೇ ಗೊತ್ತಾಗದ ಹಾಗೆ ಮಾಡಿದ್ಯಲ್ಲ. ಒಂದು ಸಲ ಜಗಳ ಆಡಿದ್ರೆ ಆಗ್ತಿರಲಿಲ್ವಾ? ಮೆಟ್ಟಿಲ ಮೇಲಿಂದ ಬಿದ್ದು ತಿಳ್ಕೋಬೇಕಾಯ್ತು ನಾನು."

ಹೇಳಿದ್ದೆ, ನೀವು ಬಾಯಿ ಮುಚ್ಚಿಸಿದಿರಿ ಎನ್ನಬಹುದಿತ್ತು. ಆದರೆ ಒಂದೇ ಸಲ ಹೇಳಿದ್ದು, ಆಮೇಲೆ ಹೇಳಬೇಕೆಂದು ಆಸೆಯೇ ಆಗಿರಲಿಲ್ಲ ಎನ್ನುವುದು ಅವಳಿಗೇ ಗೊತ್ತಿತ್ತು.

ಅತ್ತೆ ಮತ್ತೆ ಕ್ಯಾನ್ವಾಸಿನ ಕಡೆ ತಿರುಗಿದರು. ಬೆರಳು ಹೂಜಿಯ ಬುಡಕ್ಕೆ ಬಂದು ನಿಂತಿತು. ಅಲ್ಲಿ ಬಿಳಿ ಬಟ್ಟೆಯ ಮೇಲೆ ಹೂಜಿಯ ನೆರಳು ಚಾಚಿಕೊಂಡಿತ್ತು. ಹೊಲಿಯುವ ಮೊದಲು ಕ್ಯಾನ್ವಾಸಿನ ಮೇಲೆ ಚಿತ್ರ ಬರೆದುಕೊಟ್ಟವನು ಬೂದು ಬಳಿದಿದ್ದ ಜಾಗ. ಹೊಲಿಗೆಯಲ್ಲಿ ಅದು ಬೂದು ಆಗಿರಲಿಲ್ಲ, ಒಣಹುಲ್ಲಿನಂಥ ಮಾಸಲು ಹಸಿರುಹಳದಿಯಾಗಿತ್ತು. ಆ ಒಂದು ಬಣ್ಣದಿಂದ ಇಡೀ ಮೇಜಿನ ಮೇಲೆ ಬಿಸಿಲು ಬಿದ್ದಿತ್ತು.

ಅತ್ತೆ ಇನ್ನಷ್ಟು ಬಗ್ಗಿ ನೋಡಿದರು.

"ಮಿಕ್ಕಿದ್ದೆಲ್ಲ ನಾನು ಕಲಿಸಿಕೊಟ್ಟ ಹಾಗಿದೆ. ಸರಿ ಇದೆ, ಅಷ್ಟೆ. ಇದು ಮಾತ್ರ ಬೇರೆ," ಎಂದರು. ದನಿ ಇಳಿದಿತ್ತು. "ಇಲ್ಲಿ ನಾನು ಬೂದು ಹಾಕಿದ್ದೆ. ಅದನ್ನ ಬಿಚ್ಚಿ ಇದನ್ನ ಹಾಕಿದೀಯ. ಇಂಥ ಬಣ್ಣ ನನಗೆ ಹೊಳೀತಿರಲಿಲ್ಲ. ಇದನ್ನ ಆರಿಸಿದವಳು ಕಿಟಕಿ ಪಕ್ಕ ಕೂತ್ಕೋಬೇಕು. ಸಿಟ್ಟಿದೆ ನನಗೆ, ಅದು ಬೇರೆ ಮಾತು. ಇದನ್ನ ಇಲ್ಲ ಅನ್ನಲಾರೆ."

ಹೌದು ಎಂದರೆ ಮುಗಿಯುತ್ತಿತ್ತು. ಮೊಳೆ ಕಚ್ಚಿದ ಗಂಡನಿಗೆ ಇದರ ತಲೆಬುಡ ಗೊತ್ತಿರಲಿಲ್ಲ, ಬೇರೆ ಸಾಕ್ಷಿಯೂ ಇರಲಿಲ್ಲ. ವರ್ಷಗಟ್ಟಲೆ ಹಂಬಲಿಸಿದ ಮಾತು ಅತ್ತೆಯ ಬಾಯಿಂದಲೇ ಬಂದಿತ್ತು. ಬಂದದ್ದು ಅವಳು ಮಾಡದೇ ಇದ್ದ ಕೆಲಸಕ್ಕೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಇನ್ನೊಂದು ವರ್ಷ ಹೀಗೆ ಬಚ್ಚಿಟ್ಟುಕೊಂಡು ಮೆಟ್ಟಿಲು ಹತ್ತಿ ಇಳಿಯುವ ಶಕ್ತಿ ತನಗಿಲ್ಲ ಅನ್ನಿಸಿತು.

"ಅದು ನಾನಲ್ಲ," ಎಂದಳು. "ಅದು ನೀವೇ ಹಾಕಿದ್ದು."

"ನಾನು ಹಾಕಿದ್ದು ಬೂದು."

"ಬೂದು ಅಂದ್ಕೊಂಡು ಹಾಕಿದ್ದು. ಮೂಲೆ ಬಿಚ್ಚಿದ ದಿನ ಇದನ್ನೂ ಬಿಚ್ಚೋಣ ಅಂತ ಕತ್ತರಿ ಹಿಡಿದಿದ್ದೆ. ಆಮೇಲೆ ಕೈ ಬರಲಿಲ್ಲ."

ಅತ್ತೆ ಹೊಸ ಕಣ್ಣನ್ನು ಮುಚ್ಚಿಕೊಂಡು ನೆರಳನ್ನು ನೋಡಿದರು. "ಬೂದು," ಎಂದರು. ಕೈ ತೆಗೆದು ನೋಡಿದರು. ಮತ್ತೆ ಮುಚ್ಚಿದರು.

"ಹಾಗಾದ್ರೆ ಕಣ್ಣು ನೆಟ್ಟಗಿದ್ದಾಗ ಒಂದು ಸಲಾನೂ ನಾನು ಇಂಥದ್ದು ಮಾಡಲಿಲ್ಲ," ಎಂದರು.

ಹೌದು ಎಂದು ಹೇಳಿದ್ದರೆ ಸೊಸೆ ಈ ಮಾತು ಕೇಳಬೇಕಾಗಿರಲಿಲ್ಲ. ನಿಜ ಹೇಳಿದ್ದಕ್ಕೆ ಪುಣ್ಯ ಬರುವುದು ಹಾಗಿರಲಿ, ಎದುರಿಗಿದ್ದ ಹಿರಿಯ ಜೀವದ ಎಲ್ಲ ವರ್ಷಗಳನ್ನೂ ಒಂದೇ ಏಟಿಗೆ ಕತ್ತರಿಸಿ ಹಾಕಿದಂತಾಗಿತ್ತು. ಗಂಡ ಮೊಳೆಗಳನ್ನು ಅಂಗೈಗೆ ಉಗುಳಿ ಮತ್ತೆ ಬಾಯಿಗೆ ಹಾಕಿಕೊಂಡ.

"ಮತ್ತೆ ಯಾಕೆ ಕೈ ಬರಲಿಲ್ಲ ನಿನಗೆ?"

"ಚೆನ್ನಾಗಿತ್ತು."

"ತಪ್ಪು ಅಂತ ಗೊತ್ತಿತ್ತಲ್ಲ."

"ಗೊತ್ತಿತ್ತು. ಆದ್ರೂ ಚೆನ್ನಾಗಿತ್ತು."

ಅತ್ತೆ ಸೀರೆಯಲ್ಲಿ ಕಣ್ಣೊರೆಸಿಕೊಳ್ಳಲು ಹೋಗಿ, ಡಾಕ್ಟರು ಮುಟ್ಟಬಾರದೆಂದದ್ದು ನೆನಪಾಗಿ ಕೆನ್ನೆಯನ್ನಷ್ಟೇ ಒರೆಸಿಕೊಂಡರು.

"ನಾನಾಗಿದ್ರೆ ಬಿಚ್ಚಿಸಿಬಿಡ್ತಿದ್ದೆ," ಎಂದರು. "ಹಲ್ಲಿನ ಡಾಕ್ಟರಮ್ಮ ಕೊಟ್ಟ ಕುರ್ಚಿ ಮೆತ್ತೆಯ ಕ್ಯಾನ್ವಾಸು ಮಹಡಿಯಲ್ಲಿ ಹಾಗೇ ಬಿದ್ದಿದೆ ಅಲ್ವಾ? ಅದಕ್ಕೆ ನೀನು ಆರಿಸು. ಸೂಜಿಗೆ ದಾರ ನಾನು ಪೋಣಿಸಿಕೊಡ್ತೀನಿ, ಈಗ ಕಾಣುತ್ತೆ."

ಇಬ್ಬರೂ ಮೇಲೆ ಹೋದರು. ಅತ್ತೆ ಸೊಸೆಯ ಹಳೆಯ ಜಾಗದಲ್ಲಿ ಕೂತು ಸೂಜಿಗೆ ಕೈ ಚಾಚಿದರು. ಸೊಸೆ ಕಿಟಕಿಯ ಪಕ್ಕ ಡ್ರಾಯರುಗಳನ್ನು ಒಂದೊಂದಾಗಿ ಎಳೆದಳು. ಕೆಂಪು ತೆಗೆದಳು, ಇಟ್ಟಳು. ನೀಲಿ ತೆಗೆದಳು, ಬೆಳಕಿಗೆ ಹಿಡಿದಳು, ಇಟ್ಟಳು. ಯಾವುದನ್ನು ನೋಡಿದರೂ ಸರಿಯಾಗಿಯೇ ಇತ್ತು, ಹೂಜಿಯ ನೆರಳಿನ ಹಾಗಿರಲಿಲ್ಲ, ಅದಕ್ಕೇ ಯಾವುದನ್ನೂ ಹಾಕಲು ಮನಸ್ಸು ಒಪ್ಪುತ್ತಿರಲಿಲ್ಲ.